ಐವತ್ತರವರೆಗೆ ಎಣಿಸ್ತಾರೆ, "ಏಳು ಕೊಡು" ಅಂದ್ರೆ ಬೊಗಸೆ ತುಂಬಾ ಕೊಡ್ತಾರೆ

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ಜಗಳೂರು ತಾಲೂಕು):
ನಾಲ್ಕೂವರೆಯಿಂದ ಐದು ವರ್ಷದ ಮಕ್ಕಳು. 1ರಿಂದ 50 ಬಾಯಿಪಾಠ ಸರಾಗ. ಆದ್ರೆ ಹುಣಸೆ ಬೀಜದ ರಾಶಿಯಿಂದ ಏಳು ಕೊಡು ಅಂದ್ರೆ ಬೊಗಸೆ ತುಂಬಾ ಕೊಡ್ತಾರೆ. ಎಣಿಸಿ ಮುಗಿಸಿದ ಮೇಲೆ "ಎಷ್ಟಾಯ್ತು?" ಅಂದ್ರೆ ಮತ್ತೆ ಒಂದರಿಂದ ಶುರು. ಕೋಲು, ಬಿಂದಿಗೆ, ಹಗ್ಗ ಎಲ್ಲಕ್ಕೂ "ದೊಡ್ಡದು" ಅನ್ನೋದೊಂದೇ ಮಾತು. ದಿನಕ್ಕೆ 15 ನಿಮಿಷ ಸಿಗುತ್ತೆ. ಎಲ್ಲಿಂದ ಹಿಡಿಯಲಿ?

ಉತ್ತರ 1 (ನಲಿಕಲಿ ಶಿಕ್ಷಕಿ, ಹರಿಹರ):
ಮೇಡಂ, ಸದ್ಯಕ್ಕೆ 50 ಬಿಟ್ಟುಬಿಡಿ. ಮಕ್ಕಳಿಗೆ ಅದು ಹಾಡಿನ ಹಾಗೆ ಬಂದಿದೆ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನೋದು ಇನ್ನೂ ತಲೆಯಲ್ಲಿ ಕೂತಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ "ಎರಡು ಕೊಡು", "ಮೂರು ಕೊಡು", "ನಾಲ್ಕು ಕೊಡು" ಅಂತ ಕೇಳಿ. ಎಲ್ಲಿ ತಪ್ಪುತ್ತಾರೋ ಅಲ್ಲೇ ಕೆಲಸ.

ಮೊದಲು ಮೊತ್ತ ಹೇಳಿ, ಆಮೇಲೆ ಎಣಿಸಿ: "ಇಲ್ಲಿ ಮೂರು ಬೀಜ ಇವೆ. ಒಂದು, ಎರಡು, ಮೂರು." ಎಣಿಸುವಾಗ ಬೀಜವನ್ನು ಎಡದಿಂದ ಬಲಕ್ಕೆ ಸರಿಸಬೇಕು, ಬರೀ ಬೆರಳು ತೋರಿಸಿದ್ರೆ ಒಂದನ್ನೇ ಎರಡು ಸಲ ಎಣಿಸ್ತಾರೆ. ಮುಗಿದ ಕೂಡಲೇ ತಟ್ಟೆ ಮುಚ್ಚಿ "ಒಳಗೆ ಎಷ್ಟಿವೆ?" ಅನ್ನಿ. ಬೀಜ ಕಾಣದಿದ್ದರೆ ಮತ್ತೆ ಒಂದರಿಂದ ಎಣಿಸೋಕೆ ಆಗಲ್ಲ, ನೆನಪಿನ ಸಂಖ್ಯೆ ಹೇಳಲೇಬೇಕು. ಆಮೇಲೆ ತಟ್ಟೆಯಡಿ ಇನ್ನೊಂದು ತೂರಿಸಿ, "ಈಗ?"

ನಮ್ಮ ಭಾಷೆಯಲ್ಲೇ ಇನ್ನೊಂದು ತೊಡಕಿದೆ. ಬೀಜಕ್ಕೆ ಎರಡು, ಮೂರು. ಮಕ್ಕಳಿಗೆ ಇಬ್ಬರು, ಮೂವರು. "ಮೂವರು ಬನ್ನಿ" ಅಂತ ಕರೆದು, ಕೈಗೊಂದು ಬೀಜ ಕೊಟ್ಟು, "ಮೂವರು ಮಕ್ಕಳು, ಮೂರು ಬೀಜ" ಅಂತ ಎರಡನ್ನೂ ಒಟ್ಟಿಗೇ ಹೇಳಿ.

ಉತ್ತರ 2 (ಹಿರಿಯೂರು):
"ದೊಡ್ಡದು" ಬಿಡಿಸಬೇಕಾದ್ರೆ ನೀವೇ ಆ ಮಾತು ನಿಲ್ಲಿಸಬೇಕು. "ಯಾವುದು ಉದ್ದ?" "ಯಾವುದು ದಪ್ಪ?" ಅಂತಲೇ ಕೇಳಿ. ಮೊದಲ ವಾರ ಒಂದೇ ದಪ್ಪದ ಎರಡು ಕೋಲು, ಉದ್ದ ಮಾತ್ರ ಬೇರೆ. ಎರಡರ ಬುಡವನ್ನೂ ಗೋಡೆಗೆ ತಾಗಿಸಿ, ಇಲ್ಲದಿದ್ರೆ ಮುಂದೆ ಚಾಚಿದ್ದೇ ಉದ್ದ ಅಂತಾರೆ. ಮುಂದಿನ ವಾರ ಉದ್ದದ ತೆಳು ಕೋಲು, ಮೋಟು ದಪ್ಪ ಕೋಲು ಕೊಡಿ. "ಸಣ್ಣ" ಅನ್ನಬೇಡಿ, ಅದು ಗಾತ್ರಕ್ಕೂ ಆಗುತ್ತೆ, ತೆಳುವಿಗೂ ಆಗುತ್ತೆ.

ಭಾರಕ್ಕೆ ಮಂಡಕ್ಕಿಗಿಂತ ಒಳ್ಳೆ ಸಾಮಾನಿಲ್ಲ. ಒಂದು ಪಾವು ಮೆಕ್ಕೆಜೋಳ, ಎರಡು ಪಾವು ಮಂಡಕ್ಕಿ ಬೇರೆ ಬೇರೆ ಚೀಲಕ್ಕೆ ಹಾಕಿ. ಯಾವುದು ಭಾರ ಅಂತ ಮೊದಲು ನೋಡಿ ಹೇಳಲಿ, ಆಮೇಲೆ ಎರಡೂ ಕೈಯಲ್ಲಿ ಎತ್ತಲಿ. ಉಬ್ಬಿದ ಚೀಲ ಹಗುರ ಅಂತ ಗೊತ್ತಾದ ಮಗುವಿನ ಮುಖ ನೋಡಬೇಕು!

"ಹೆಚ್ಚು" ಒಂದನ್ನೇ ಕಲಿಸಿ ನಿಲ್ಲಿಸಬೇಡಿ. ಮುಂದೆ ಲೆಕ್ಕದಲ್ಲಿ ಆ ಪದ ಕಂಡ ಕಡೆಯೆಲ್ಲ ಕೂಡೋದೇ ಅಭ್ಯಾಸ ಆಗಿಬಿಡುತ್ತೆ. 5 ಬೀಜ ಒಂದು ಸಾಲು, 7 ಬೀಜ ಇನ್ನೊಂದು. ಎದುರುಬದುರು ಜೋಡಿ ಮಾಡಿಸಿ. ಜೋಡಿ ಸಿಗದ ಎರಡೇ "ಎರಡು ಹೆಚ್ಚು". ಆಮೇಲೆ 5ರ ಸಾಲು ತೋರಿಸಿ "ಇಲ್ಲಿ ಎಷ್ಟು ಕಡಿಮೆ?" ಅಂತಲೂ ಕೇಳಿ.

ಉತ್ತರ 3 (ಚನ್ನಗಿರಿ):
ಇದಕ್ಕೆಲ್ಲ ಅಳಗುಳಿಮಣೆ ಸೇರಿಸಿ. 14 ಗುಳಿಯ ಪೂರ್ತಿ ಆಟ ಈ ವಯಸ್ಸಿಗೆ ಬೇಡ. ಸೀಮೆಸುಣ್ಣದಲ್ಲಿ ಏಳು ವೃತ್ತ ಒಂದೇ ಸಾಲಿಗೆ ಬರೆಯಿರಿ, ಮೊದಲನೇದ್ರಲ್ಲಿ ನಾಲ್ಕು ಬೀಜ. ಅವನ್ನೆತ್ತಿ ಮುಂದಿನ ವೃತ್ತಗಳಿಗೆ ಒಂದೊಂದಾಗಿ ಹಾಕ್ತಾ ಹೋಗಬೇಕು. ಎತ್ತುವ ಮುಂಚೆ "ಕೊನೇ ಬೀಜ ಎಲ್ಲಿ ಬೀಳುತ್ತೆ?" ಅಂತ ಕೇಳಿ, ಅಲ್ಲೊಂದು ಕಡ್ಡಿ ಇಡಿಸಿ. ಸುಮಾರು ಮಕ್ಕಳು ಎತ್ತಿದ ಗುಳಿಯನ್ನೂ ಸೇರಿಸಿ ಎಣಿಸಿ ಒಂದು ಹಿಂದೆ ಕಡ್ಡಿ ಇಡ್ತಾರೆ. ತಿದ್ದಬೇಡಿ, ಬೀಜ ಹಾಕಿಸಿ, "ಯಾಕೆ ಮುಂದೆ ಹೋಯ್ತು?" ಅನ್ನಿ.

ಮೂರು ವರ್ಷದ ಕೆಳಗಿನ ಮಕ್ಕಳೂ ಅಲ್ಲೇ ಇದ್ರೆ ಬೀಜ, ಶೇಂಗಾ ಕೈಗೆ ಸಿಗಬಾರದು. ಬಾಯಿಗೆ, ಮೂಗಿಗೆ ಹಾಕ್ಕೋತಾರೆ. ನಿಂಬೆಹಣ್ಣಿನ ಗಾತ್ರದ ಕಲ್ಲು ಇಟ್ಕೊಳ್ಳಿ.

ಪ್ರಶ್ನೆ ಕೇಳಿದವರು:
"ಮೂರು ಕೊಡು" ಅನ್ನೋದ್ರಲ್ಲೇ ಎಷ್ಟು ದಿನ ನಿಲ್ಲಲಿ?

ಉತ್ತರ 1:
ದಿನದ ಲೆಕ್ಕ ಇಡಬೇಡಿ ಮೇಡಂ. ಬೀಜ, ಕಲ್ಲು, ಬಳೆ ಬದಲಾಯಿಸಿ ಬೇರೆ ಬೇರೆ ದಿನ ಐದು ಸಲ ಕೇಳಿ. ಐದೂ ಸರಿ ಬಂದ್ರೆ ನಾಲ್ಕಕ್ಕೆ ಹೋಗಿ.