ತೋಟೆಯ ಕ್ರಿಂಪ್ ಸಡಿಲ ಇದ್ದರೆ .22 ರೈಫಲಿನ ಗುಂಪು ಕೆಡ್ತದಾ?

ಕುಂಬಳೆಯಿಂದ ಪ್ರಶ್ನೆ:
ಕ್ಲಬ್ಬಿನ ಬೋಲ್ಟ್ ರೈಫಲ್, .22 ಲಾಂಗ್ ರೈಫಲ್ ತೋಟೆ, 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು). ಒಂದು ಪೆಟ್ಟಿಗೆಯ ತೋಟೆಯಲ್ಲಿ 10 ಈಡಿನ ಗುಂಪು, ಅಂದರೆ ತೂತುಗಳ ಹರಡು, 15 ಮಿ.ಮೀ. ಒಳಗೆ ನಿಲ್ತದೆ. ಇನ್ನೊಂದರಲ್ಲಿ 30 ಮಿ.ಮೀ., ಅದೂ ಮೇಲೆ ಕೆಳಗೆ ಉದ್ದಕ್ಕೆ. ಈ ಎರಡನೆಯದರ ಕೆಲವು ಗುಂಡು ಬೆರಳಲ್ಲಿ ತಿರುವಿದರೆ ತಿರುಗ್ತದೆ. ಕ್ರಿಂಪ್, ಅಂದರೆ ಗುಂಡನ್ನು ಹಿಡಿಯಲಿಕ್ಕೆ ಕೇಸಿನ ಬಾಯಿ ಅದುಮಿದ್ದು, ಸಡಿಲ ಆದದ್ದೇ ಕಾರಣವಾ? ಬಿಗಿ ಮಾಡ್ಲಿಕ್ಕೆ ಉಪಾಯ ಉಂಟಾ? ತಿಳಿದವರು ಹೇಳಿ.

ಬದಿಯಡ್ಕದಿಂದ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬಿಗಿ ಮಾಡ್ಲಿಕ್ಕೆ ಹೋಗಲೇಬೇಡಿ. ಅಂಚಿನ ಒಳಗೇ ಸಿಡಿಮದ್ದು ಕೂತಿರುವ ತೋಟೆ ಅದು, ಇಕ್ಕಳ ಹಾಕುವ ಜಾಗವಲ್ಲ. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು, ಮಾರ್ಪಡಿಸುವುದು 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಅಪರಾಧ ಕೂಡ. ಈ ತೋಟೆಯ ಕ್ರಿಂಪ್ ಕಾರ್ಖಾನೆಯಲ್ಲಿ ಆದದ್ದು ಆದ ಹಾಗೆಯೇ. ನಮ್ಮ ಕೈಯಲ್ಲಿರುವುದು ಆಯ್ಕೆ ಮತ್ತು ಜೋಪಾನ, ಎರಡೇ.

ಈಗ ಕಾರಣಕ್ಕೆ ಬರುವ. .22ರ ಗುಂಡಿನ ಮೈ ಮತ್ತು ಹಿತ್ತಾಳೆ ಕೇಸಿನ ಹೊರಮೈ ಎರಡೂ ಸುಮಾರು 5.7 ಮಿ.ಮೀ., ಒಂದೇ ದಪ್ಪ. ಗುಂಡಿನ ಹಿಮ್ಮಡಿ (ಹಿಂದಿನ ತುದಿ) ಮಾತ್ರ ಸಪೂರ, ಅದು ಕೇಸಿನ ಒಳಗೆ ಕೂತಿರ್ತದೆ. ಕೇಸಿನ ಬಾಯಿಯನ್ನು ಸುತ್ತಲೂ ಅದುಮಿ ಹಿಡಿಸಿರ್ತಾರೆ. ಒಳಗಿನ ಮದ್ದು ಗ್ರಾಮಿನ ಹತ್ತನೇ ಒಂದು ಪಾಲಿನಷ್ಟು. ಅಷ್ಟು ಕಡಿಮೆ ಮದ್ದು ಪ್ರತಿ ಸಲ ಒಂದೇ ರೀತಿ ಉರಿಯಬೇಕಾದರೆ, ಒತ್ತಡ ಏರುವ ತನಕ ಗುಂಡನ್ನು ಏನಾದರೂ ಒಂದು ತಡೆದು ನಿಲ್ಲಿಸಬೇಕು. ತಡೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ವೇಗ ಏರುಪೇರಾಗ್ತದೆ. ಗುಂಡು 325 ಮೀ/ಸೆಕೆಂಡ್ ಆಸುಪಾಸಿನಲ್ಲಿ ಹೊರಟರೆ 50 ಮೀಟರಿಗೆ ಬರುವಾಗ ಸುಮಾರು 12 ಸೆಂ.ಮೀ. ಇಳಿದಿರ್ತದೆ. ವೇಗದಲ್ಲಿ 10 ಮೀ/ಸೆಕೆಂಡ್ ವ್ಯತ್ಯಾಸ ಬಂದರೆ ಇಳಿತದಲ್ಲೇ 7 ಮಿ.ಮೀ. ಹೆಚ್ಚುಕಡಿಮೆ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 10.4 ಮಿ.ಮೀ. ಎಂಬುದು ನೆನಪಿರಲಿ. ಉದ್ದಕ್ಕೆ ಚಾಚಿದ ಗುಂಪು ಕಂಡರೆ ವೇಗದ ಮೇಲೆ ಮೊದಲು ಸಂಶಯ ಬರುವುದು ಇದಕ್ಕೇ.

ಹಾಗಂತ ತಪ್ಪನ್ನು ಕ್ರಿಂಪಿನ ಮೇಲೆಯೇ ಹೊರಿಸುವಂತಿಲ್ಲ. ಮ್ಯಾಚ್ (ಸ್ಪರ್ಧೆಯ) ರೈಫಲಿನ ಚೇಂಬರ್, ಅಂದರೆ ತೋಟೆ ಕೂರುವ ಜಾಗ, ಗಿಡ್ಡ. ಬೋಲ್ಟ್ ಮುಚ್ಚುವಾಗಲೇ ಗುಂಡಿನ ಮೈ ನಳಿಗೆಯ ಒಳಗಿನ ಸುರುಳಿ ಏಣುಗಳಿಗೆ ಕಚ್ಚಿಕೊಳ್ತದೆ. ಅಲ್ಲಿ ತಡೆಯುವ ಕೆಲಸದ ದೊಡ್ಡ ಪಾಲು ನಳಿಗೆಯದ್ದು, ಕ್ರಿಂಪಿನ ಹೆಚ್ಚುಕಡಿಮೆ ಮುಚ್ಚಿಹೋಗ್ತದೆ. ಸಾಧಾರಣ ಸ್ಪೋರ್ಟಿಂಗ್ ಚೇಂಬರಿನಲ್ಲಿ ಗುಂಡು ಆ ಏಣುಗಳಿಗೆ ತಾಗುವ ಮೊದಲು ಸ್ವಲ್ಪ ಖಾಲಿ ಓಡಬೇಕು. ಅಲ್ಲಿ ಗುಂಡನ್ನು ಹಿಡಿದಿರುವುದು ಕ್ರಿಂಪ್ ಮಾತ್ರ. ಒಂದೇ ಪೆಟ್ಟಿಗೆ ಒಂದು ರೈಫಲಿನಲ್ಲಿ ಚಿನ್ನ, ಇನ್ನೊಂದರಲ್ಲಿ ಮಣ್ಣು ಆಗುವುದಕ್ಕೆ ಇದು ದೊಡ್ಡ ಕಾರಣ. ನಿಮ್ಮದು ಯಾವ ಚೇಂಬರ್ ಎಂದು ಕ್ಲಬ್ಬಿನಲ್ಲಿ ಕೇಳಿ.

ಮಂಜೇಶ್ವರದಿಂದ:
ಬೆರಳಲ್ಲಿ ತಿರುಗುವುದರಿಂದ ಎಂತದೂ ಗೊತ್ತಾಗುವುದಿಲ್ಲ ಮಾರಾಯ್ರೆ. ಗುಂಡು ತಿರುಗುವುದು ಬೇರೆ, ಮುಂದಕ್ಕೆ ಕಿತ್ತು ಬರುವುದು ಬೇರೆ. ಎರಡನೆಯದು ಮಾತ್ರ ಲೆಕ್ಕಕ್ಕೆ. ತಿರುವಿ ತಿರುವಿ ನೋಡಿದರೆ ಬಾಯಿಯ ಸುತ್ತ ಇರುವ ಮೇಣ ಬಿರುಕು ಬಿಡ್ತದೆ. ಚಂದ ಇದ್ದ ತೋಟೆಯೂ ಹಾಳು.

ನೋಡುವುದಾದರೆ ಅಕ್ಕಸಾಲಿಗರ 10 ಪಟ್ಟಿನ ಲೂಪ್ ಹಿಡಿದು ಕೇಸಿನ ಬಾಯಿ ನೋಡಿ. ಅದುಮಿದ ಗೆರೆ ಸುತ್ತಲೂ ಒಂದೇ ಅಗಲ ಇರಬೇಕು. ಒಂದು ಬದಿ ಆಳ, ಇನ್ನೊಂದು ಬದಿ ಬರೀ ನೆರಳಿನ ಹಾಗೆ ಇದ್ದರೆ ಗುಂಡು ಓರೆ ಕೂತಿದೆ. ಬಾಯಿಯ ಅಂಚಿನಲ್ಲಿ ಉಗುರು ಕತ್ತರಿಸಿದ ಚೂರಿನಂಥ ಸೀಸದ ಸಿಪ್ಪೆ ಎದ್ದಿದ್ದರೆ ಅದನ್ನೂ ಬದಿಗಿಡಿ. ಕ್ರಿಂಪ್ ಅತಿ ಬಿಗಿ ಆದರೂ ಕೇಡೇ. ಮೆತ್ತಗಿನ ಸೀಸ ಹೊರಬರುವಾಗ ಹಿಮ್ಮಡಿ ಕೆರೆದು ಹೋಗ್ತದೆ. ಗುಂಡು ನಳಿಗೆ ಬಿಟ್ಟು ಹೋಗುವಾಗ ಅನಿಲ ದೂಡುವುದು ಆ ಹಿಮ್ಮಡಿಯನ್ನೇ, ಅಲ್ಲಿ ಸೊಟ್ಟ ಆದರೆ ಗುಂಡು ನೆಟ್ಟಗೆ ಹೋಗುವುದಿಲ್ಲ. ಆಗ ಗುಂಪು ಉದ್ದಕ್ಕೆ ಅಲ್ಲ, ಎಲ್ಲ ದಿಕ್ಕಿಗೂ ಹರಡ್ತದೆ.

ಪೆರ್ಲದಿಂದ:
ಪರೀಕ್ಷೆ ಮಾಡುವ ಕ್ರಮ ಇಷ್ಟು. ಪ್ರೋನ್ ಅಲ್ಲ, ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆಯಿರಿ. ಉಸಿರು, ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಇವುಗಳಿಂದಲೂ ಮೇಲೆ ಕೆಳಗೆ ಆಗ್ತದೆ, ಅದು ಮೊದಲು ಹೊರಗೆ ಹೋಗಲಿ. ಒಂದು ತೋಟೆಯಿಂದ ಇನ್ನೊಂದಕ್ಕೆ ಬದಲಿಸಿದ ಮೇಲೆ 15-20 ಈಡು ಲೆಕ್ಕಕ್ಕೆ ಹಿಡಿಯಬೇಡಿ. ಒಂದರ ಮೇಣ ಹೋಗಿ ಇನ್ನೊಂದರ ಮೇಣ ನಳಿಗೆಗೆ ಹಿಡಿಯಬೇಕು. ಆಮೇಲೆ 10 ಈಡಿನ ನಾಲ್ಕು ಗುಂಪು. 5 ಈಡಿನ ಒಂದು ಗುಂಪು ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗ್ತೀರಿ. ಎತ್ತರ, ಅಗಲ ಬೇರೆ ಬೇರೆ ಅಳೆದು ಬರೆದಿಡಿ.

ಅದೇ ಎರಡು ಪೆಟ್ಟಿಗೆಯನ್ನು ಇನ್ನೊಂದು ರೈಫಲಿನಲ್ಲಿ ಹೀಗೆಯೇ ಹೊಡೆಯಿರಿ. ಎರಡರಲ್ಲೂ ಉದ್ದಕ್ಕೆ ಬಂದರೆ ತೋಟೆಯದೇ ದೋಷ. ಒಂದರಲ್ಲಿ ಮಾತ್ರ ಬಂದರೆ ಆ ರೈಫಲಿನ ಫೈರಿಂಗ್ ಪಿನ್ ನೋಡಿ. ಖಾಲಿ ಕೇಸಿನ ಅಂಚಿನ ಮೇಲೆ ಪೆಟ್ಟಿನ ಗುರುತು ಆಳವಾಗಿ, ಎಲ್ಲದರಲ್ಲೂ ಒಂದೇ ಥರ ಇರಬೇಕು. ಸ್ಪ್ರಿಂಗ್ ಸೋತಿದ್ದರೆ, ಪಿನ್ನಿನ ದಾರಿಯಲ್ಲಿ ಗಟ್ಟಿ ಗ್ರೀಸ್ ಇದ್ದರೆ ಪೆಟ್ಟು ಮೆತ್ತಗೆ ಬಿದ್ದು ಥೇಟ್ ಸಡಿಲ ಕ್ರಿಂಪಿನ ಹಾಗೆಯೇ ಕಾಣ್ತದೆ.

ಮ್ಯಾಗಜೀನಿನಿಂದ ತುಂಬಿಸುವವರಾದರೆ ಒಂದು ಗುಂಪು ಕೈಯಿಂದ ಒಂದೊಂದೇ ಹಾಕಿಯೂ ನೋಡಿ. ಬೋಲ್ಟ್ ಜೋರಾಗಿ ದೂಡುವಾಗ ಗುಂಡಿನ ಮೂತಿ ತಾಗಿ ಓರೆಯಾಗುವುದುಂಟು. ಗುಂಪು ಸಣ್ಣ ಆದರೆ ಕಾರ್ಖಾನೆಯನ್ನು ದೂರುವ ಅಗತ್ಯ ಇಲ್ಲ.

ಕುಂಬಳೆಯಿಂದ:
ಕ್ಲಬ್ಬಿನ ಅಣ್ಣನವರು ಚೇಂಬರ್ ಸ್ಪೋರ್ಟಿಂಗ್ ಎಂದರು. ಹಾಗಾದರೆ ಮುಂದೆ ತೋಟೆ ತರಿಸುವಾಗ ಎಂತ ನೋಡಬೇಕು?

ಬದಿಯಡ್ಕದಿಂದ:
ಬ್ರಾಂಡಿಗಿಂತ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್, ನೋಡಿ. ಒಂದೇ ಹೆಸರಿನ ಎರಡು ಲಾಟ್ ನಿಮ್ಮ ನಳಿಗೆಯಲ್ಲಿ ಬೇರೆ ಬೇರೆ ನಡೆಯಬಹುದು. ಎರಡು ಮೂರು ಲಾಟಿನಿಂದ ಒಂದೊಂದು 50ರ ಪೆಟ್ಟಿಗೆ ತಂದು ಹೊಡೆದು, ಒಗ್ಗಿದ ಲಾಟಿನದ್ದೇ ನಿಮ್ಮ ಲೈಸೆನ್ಸಿನ ಮಿತಿಯೊಳಗೆ ಒಟ್ಟಿಗೆ ತೆಗೆದಿಡಿ. ಹೈ ವೆಲಾಸಿಟಿ ತೋಟೆ ಬೇಡ. ಅದು ಶಬ್ದದ ವೇಗಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವಾಗ ಅಲುಗಾಡ್ತದೆ.

ಮಂಜೇಶ್ವರದಿಂದ:
ಇನ್ನೊಂದು ಮುಖ್ಯ ಮಾತು. ಶಬ್ದ ಠುಸ್ ಎಂದು ಬಂದು ಗುರಿಹಲಗೆಯಲ್ಲಿ ತೂತು ಕಾಣದಿದ್ದರೆ ಮುಂದಿನ ತೋಟೆ ಹಾಕಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಹೊಡೆತ ಬೀಳದೇ ಹೋದರೆ ಮೂತಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾದು ಬೋಲ್ಟ್ ತೆರೆಯಿರಿ. ಮ್ಯಾಚ್ ಚೇಂಬರಿನಿಂದ ಹೊಡೆಯದ ತೋಟೆ ಎಳೆದರೆ ಕೆಲವೊಮ್ಮೆ ಕೇಸು ಮಾತ್ರ ಬಂದು ಮದ್ದು ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ಒಳಗೆ ಚೆಲ್ತದೆ. ಆಗ ರೇಂಜ್ ಆಫೀಸರನ್ನು ಕರೆಯಿರಿ.

ಆಟಿ ತಿಂಗಳ ಮಳೆಯಲ್ಲಿ ಪೆಟ್ಟಿಗೆಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬೀಗದ ಒಳಗೆ ಇಡಿ. ಗುಂಡಿನ ಮೇಲೆ ಬಿಳಿ ಹುಡಿ ಬಂದದ್ದು ಸ್ಪರ್ಧೆಗೆ ಬೇಡ.