ಅಪ್‌ಡೇಟ್: ಮ್ಯಾಂಗೋಸ್ಟೀನ್ ಎಲೆಯಂಚು ಸುಡುತ್ತಿದ್ದುದು ರೋಗದಿಂದಲ್ಲ

ಬೇಸಿಗೆಯಲ್ಲಿ ನಾನು ಇಲ್ಲಿ ಕೇಳಿದ್ದ ಪ್ರಶ್ನೆ: ಅಡಿಕೆ ತೋಟದ ಅಂಚಿನಲ್ಲಿ ನೆಟ್ಟ ಎರಡು ವರ್ಷದ ಮ್ಯಾಂಗೋಸ್ಟೀನ್ ಹಣ್ಣಿನ ಗಿಡ, ಎಲೆಯಂಚು ಕಂದಾಗಿ ಒಣಗುತ್ತಿದೆ, ಚಿಗುರೇ ಇಲ್ಲ, ಯಾವ ಔಷಧಿ ಹೊಡೆಯಲಿ?

ಔಷಧಿ ಬೇಕಿರಲಿಲ್ಲ. ಸುಟ್ಟಿದ್ದು ಪಡುವಣ ಬಿಸಿಲಿಗೆ ಒಡ್ಡಿದ ಎಲೆಗಳು ಮಾತ್ರ. ಶಿಲೀಂಧ್ರವಾಗಿದ್ದರೆ ದಿಕ್ಕು ನೋಡುತ್ತಿರಲಿಲ್ಲ. ಈ ಗಿಡದ ಬೇರಿನಲ್ಲಿ ನೀರು ಹೀರುವ ಸಣ್ಣ ರೋಮಗಳಿಲ್ಲ. ಹಾಗಾಗಿ ಮೇಲ್ಮಣ್ಣು ಒಮ್ಮೆ ಒಣಗಿದರೂ ಎಲೆಯ ತುದಿಗೆ ನೀರು ಮುಟ್ಟುವುದಿಲ್ಲ. ಅದರ ಮೇಲೆ ಯೂರಿಯಾ ಬೇರೆ ಸುರಿದಿದ್ದೆ, ಅದು ನನ್ನದೇ ತಪ್ಪು.

ಮಾಡಿದ್ದು ಇಷ್ಟು. ಪಶ್ಚಿಮಕ್ಕೂ ಮೇಲಕ್ಕೂ 50% ನೆರಳು ಬಲೆ. ವಾರಕ್ಕೊಮ್ಮೆ ಕೊಡುತ್ತಿದ್ದ ಎರಡು ಕೊಡಪಾನದ ಬದಲು ಎರಡು ದಿನಕ್ಕೊಮ್ಮೆ 8 ಲೀಟರ್, ಹನಿ ಹನಿಯಾಗಿ. ಬುಡಕ್ಕೆ 4 ಇಂಚು ದಪ್ಪ ಸೊಪ್ಪು, ತರಗೆಲೆ. ಕಾಂಡದಿಂದ ಅರ್ಧ ಅಡಿ ಬಿಟ್ಟು, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿದೆ. ಬುಡ ಅಗೆಯಲಿಲ್ಲ, ಬೇರು ಕಡಿದರೆ ಮತ್ತೆ ಚೇತರಿಸಿಕೊಳ್ಳುವುದು ಬಲು ನಿಧಾನ.

ಸುಟ್ಟ ಎಲೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಆದರೆ ಮಳೆ ಹಿಡಿದ ಮೇಲೆ ತುದಿಯಲ್ಲಿ ಎದುರುಬದುರು ಎರಡು ಎಲೆ ಬಿಚ್ಚಿವೆ: ನಸುಗೆಂಪು, ಮೇಣ ಸವರಿದಂತೆ ಹೊಳಪು, ಅಂಚು ಚೊಕ್ಕ.

'ಗಂಡು ಗಿಡ ಬೇಡವೇ?' ಎಂದು ಕೆಲವರು ಕೇಳಿದ್ದಿರಿ. ಬೇಡ. ಪುನರ್ಪುಳಿಯಲ್ಲಿ (ಕೋಕಂ) ಗಂಡು ಹೆಣ್ಣು ಬೇರೆ ಇರುತ್ತವೆ, ಅದರ ನೆಂಟನಾದ ಇದರಲ್ಲಿ ಪರಾಗವಿಲ್ಲದೆಯೇ ಬೀಜ ಕಟ್ಟುತ್ತದೆ. ಹಣ್ಣಿಗೆ ಮಾತ್ರ ಇನ್ನೂ ಐದಾರು ವರ್ಷವಾದರೂ ಕಾಯಬೇಕು.