ಟ್ರಾಮೆಟಿನಿಬ್ ತಗೊಳ್ತಿರೋ ಮಗುವಿಗೆ ಉಗುರುಸುತ್ತು: ನಿಂಬೆಹಣ್ಣು ಸಿಕ್ಕಿಸಬಹುದಾ?

ಹಸಿರುಬಾಗಿಲು:
7 ವರ್ಷದ ಹುಡುಗ, ಕಣ್ಣಿನ ನರದ ಗ್ಲಯೋಮಾ (ಗಡ್ಡೆ), ಅದಕ್ಕೆ ಕೊಡುವ ಟ್ರಾಮೆಟಿನಿಬ್ ಔಷಧಿ ಶುರುವಾಗಿ ನಾಲ್ಕನೇ ತಿಂಗಳು. ಕಾಲಿನ ಎರಡೂ ಹೆಬ್ಬೆರಳ ಉಗುರಿನ ಪಕ್ಕ ಊದಿದೆ. ಒಂದರಲ್ಲಿ ಕೆಂಪು ಮಾಂಸ ಬೆಳೆದು, ಮುಟ್ಟಿದರೆ ರಕ್ತ. ಅಜ್ಜಿ ನಿಂಬೆಹಣ್ಣು ಸಿಕ್ಕಿಸಿ ಅಂತಾರೆ, ಮೆಡಿಕಲ್ ಶಾಪಿನವರು ಆಂಟಿಬಯೋಟಿಕ್ ಸಿರಪ್ ಅಂತಾರೆ. ಔಷಧಿ ನಿಲ್ಲಿಸಬೇಕಾ?

ಚರ್ಮದ_ಓಪಿಡಿ:
ನೀವಾಗಿ ನಿಲ್ಲಿಸಬೇಡಿ. ಗಡ್ಡೆ ಬೆಳೆಯಲು ಬಳಸುವ ಮೆಕ್ (MEK) ಸಂಕೇತವನ್ನು, ಅಂದರೆ ಜೀವಕೋಶಕ್ಕೆ ಬೆಳೆಯಲು ಹೇಳುವ ಸೂಚನೆಯನ್ನು, ಈ ಔಷಧಿ ತಡೆಯುತ್ತದೆ. ಚರ್ಮಕ್ಕೂ ಅದೇ ಸಂಕೇತ ಬೇಕು. ಹಾಗಾಗಿ ಉಗುರಿನ ಪಕ್ಕದ ಚರ್ಮ ತೆಳ್ಳಗಾಗಿ, ಉಗುರಿನ ಅಂಚು ಒಳಗೆ ಚುಚ್ಚಿ ಊದುತ್ತದೆ. ಮೊದಲು ಬರುವುದು ಉರಿಯೂತ, ಬ್ಯಾಕ್ಟೀರಿಯಾ ಆಮೇಲೆ ಸೇರಿಕೊಳ್ಳುತ್ತದೆ. ಕೀವಿಲ್ಲದೆ ಸಿರಪ್ ಕುಡಿಸಿದರೆ ಭೇದಿಯಷ್ಟೇ ಲಾಭ! ಕೀವಿದ್ದರೆ ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಅಂತ ನೋಡುವ ಪರೀಕ್ಷೆ) ಕಳಿಸಿ, ಆಮೇಲೆ ಆಂಟಿಬಯೋಟಿಕ್.

ದಿನಕ್ಕೊಮ್ಮೆ ಬಿಳಿ ವಿನೆಗರ್ ಒಂದು ಪಾಲು, ಉಗುರುಬೆಚ್ಚಗಿನ ನೀರು ಒಂದು ಪಾಲು, 15 ನಿಮಿಷ ಬೆರಳು ಅದ್ದಿಡಿ. ಉರಿ ಅಂದರೆ ನೀರು ಮೂರು ಪಾಲು ಮಾಡಿ. ಬಾಟಲಿ ಮೇಲೆ ಅಸಿಟಿಕ್ ಆಸಿಡ್ 4–5% ಅಂತ ಇರಬೇಕು. ಕಾನ್ಸಂಟ್ರೇಟ್ (ಗಾಢ ಆಸಿಡ್) ಬೇಡವೇ ಬೇಡ. ಒತ್ತಿ ಒರೆಸಿ, ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮು ಊದಿದ ಕಡೆ ಮಾತ್ರ.

ಹಸಿರುಬಾಗಿಲು:
ವಿನೆಗರ್ ಆಗುತ್ತೆ, ನಿಂಬೆ ಯಾಕಾಗಲ್ಲ? ಎರಡೂ ಹುಳಿ ತಾನೇ?

ಚರ್ಮದ_ಓಪಿಡಿ:
ನಿಂಬೆರಸಕ್ಕೆ ನೀರು ಬೆರೆಸಿರುವುದಿಲ್ಲ, ರಾತ್ರಿಯಿಡೀ ಬೆರಳು ಅದರೊಳಗೇ ನೆನೆಯುತ್ತದೆ. ತೆಳು ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ಸಿಪ್ಪೆಯ ರಸ ತಗುಲಿದ ಜಾಗಕ್ಕೆ ಬಿಸಿಲು ಬಿದ್ದರೆ ಬೊಬ್ಬೆಯೂ ಏಳಬಹುದು.

ಮಕ್ಕಳವಾರ್ಡ್_ಸಿಸ್ಟರ್:
ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆ ಮೂಲೆಯ ಚೂರೇ ಮತ್ತೆ ಚುಚ್ಚುವುದು. ಟೇಪಿನ ಒಂದು ತುದಿಯನ್ನು ಊದಿದ ಚರ್ಮಕ್ಕೆ ಅಂಟಿಸಿ, ಉಗುರಿನಿಂದ ದೂರಕ್ಕೆ ಎಳೆದು ಬೆರಳಿನ ಅಡಿಗೆ ಓರೆಯಾಗಿ ಸುತ್ತಿ. ಪೂರ್ತಿ ಉಂಗುರದಂತೆ ಬಿಗಿಯಬೇಡಿ. ಸ್ಕೂಲ್ ಶೂ ಬದಲು ಮುಂಭಾಗ ತೆರೆದ ಚಪ್ಪಲಿಗೆ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ.

ಬೆಳೆದ ಮಾಂಸಕ್ಕೆ ಟಿಮೋಲಾಲ್ 0.5% ಕಣ್ಣಿನ ಹನಿಯನ್ನೇ ಬೆರಳಿಗೆ ಹಾಕಲು ಬರೆಯುವುದುಂಟು, ಗಾಬರಿಯಾಗಬೇಡಿ. ಮಗುವಿಗೆ ವೀಸಿಂಗ್ (ಉಬ್ಬಸ) ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಉಗುರು ಕೀಳಿಸಲು ಅವಸರ ಬೇಡ: ಔಷಧಿ ನಡೆಯುತ್ತಿರುವಾಗ ಹೊಸ ಉಗುರೂ ಅದೇ ತೆಳು ಚರ್ಮಕ್ಕೆ ಚುಚ್ಚುತ್ತದೆ.

38 ಡಿಗ್ರಿ ಸೆಲ್ಸಿಯಸ್ ಜ್ವರ, ಪಾದದ ಮೇಲೆ ಹರಡುವ ಕೆಂಪು, ನಡೆಯಲಾಗದ ನೋವು: ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಆಂಕಾಲಜಿಗೆ (ಕ್ಯಾನ್ಸರ್ ವಿಭಾಗ) ಫೋನ್ ಮಾಡಿ. ಟ್ರಾಮೆಟಿನಿಬ್ ಕೆಲವು ದಿನ ಬಿಡುವುದೋ ಡೋಸ್ ಇಳಿಸುವುದೋ, ಅವರೇ ಹೇಳುತ್ತಾರೆ.